ಸೊನ್ನೆಯ ಮೇಲೂ ಐದಡಿ

ನಮ್ಮ ಮನೆಯಲ್ಲಿ ನನ್ನನ್ನು ಪ್ರಶ್ನೆ ಕೇಳುವ ಧೈರ್ಯ ಯಾರೂ ಮಾಡುವುದಿಲ್ಲ. “ಅತ್ತೆ, ಮಳೆ ಬರುತ್ತಾ? ಬಟ್ಟೆ ಹೊರಗೆ ಹಾಕಲಾ?” ಎಂದು ಸೊಸೆ ಚೈತ್ರ ಅಪ್ಪಿತಪ್ಪಿ ಕೇಳಿದರೆ, “ಮೋಡ ಇದೆ ಅನ್ನೋದೊಂದೇ ಸಾಲದು, ಗಾಳಿ ಯಾವ ಕಡೆಯಿಂದ ಬರ್ತಿದೆ ಅದನ್ನೂ ಹೇಳು” ಎನ್ನುತ್ತೇನೆ. ನಾನು ಇಷ್ಟು ಹೇಳಿ ಮುಗಿಸುವ ಹೊತ್ತಿಗೆ ಅವಳು ಬಟ್ಟೆ ಹರವಿ ಒಳಗೆ ಬಂದಿರುತ್ತಾಳೆ. ನಮ್ಮ ಯಜಮಾನರಂತೂ ಎಂದೋ ಕೈಚೆಲ್ಲಿದ್ದಾರೆ. ಮದುವೆಯಾದ ಹೊಸದರಲ್ಲಿ ಒಮ್ಮೆ, ತಾವೇ ಮಾಡಿದ ಹುಳಿಯನ್ನು ಬಟ್ಟಲಿಗೆ ಹಾಕಿಕೊಟ್ಟು “ಹೇಗಿದೆ?” ಎಂದು ಆಸೆಯಿಂದ ಕೇಳಿದ್ದರು. “ಅನ್ನಕ್ಕೋ ಮುದ್ದೆಗೋ ತಿಳಿಸದೆ ಹೇಗೆ ಹೇಳಲಿ?” ಎಂದುಬಿಟ್ಟೆ. ಆಮೇಲೆ ಅವರು ಒಲೆಯ ಹತ್ತಿರ ಸುಳಿದಿಲ್ಲ. ನಷ್ಟ ನನ್ನದೇ.

ಇದು ಹುಟ್ಟುಗುಣವೆಂದು ನೀವು ತಿಳಿಯಬಾರದು. ಕಷ್ಟಪಟ್ಟು ಕಲಿತದ್ದು. ಎಂಬತ್ತರ ದಶಕದ ನಡುವಿನಲ್ಲಿ, ಬಂಗಾರಪೇಟೆಯಿಂದ ಮಾರಿಕುಪ್ಪಂಗೆ ಹೋಗುವ ಮಧ್ಯಾಹ್ನದ ರೈಲಿನಲ್ಲಿ, ಎಂಟನೇ ತರಗತಿಯೂ ದಾಟದ ಒಬ್ಬರು ನನಗೆ ಇದನ್ನು ಕಲಿಸಿದರು. ಅಷ್ಟು ವರ್ಷಗಳ ಹಿಂದಿನದು ಈಗ ಯಾಕೆ ನೆನಪಾಯಿತು ಎಂದರೆ, ಹೋದ ವಾರ ಚೈತ್ರ ಒಂದು ದಪ್ಪ ಗೈಡು ಹಿಡಿದುಕೊಂಡು ಬಂದು ನನ್ನ ಮುಂದೆ ಕುಕ್ಕಿದಳು. ಅವಳು ಶಾಲೆಯಲ್ಲಿ ಮೇಡಂ. ಮೇಲಿನ ಹುದ್ದೆಗೆ ಏನೋ ಪರೀಕ್ಷೆ ಕಟ್ಟಿದ್ದಾಳೆ. “ಅತ್ತೆ, ಎರಡು ನಿಂತ ಗೆರೆ ಕಂಡ್ರೆ ಎರಡು ಉತ್ತರ ಅಂತ ನೀವೇ ಅಲ್ವಾ ಹೇಳಿಕೊಟ್ಟಿದ್ದು? ಇಲ್ನೋಡಿ, ನನ್ನದು ತಪ್ಪಂತೆ” ಎಂದಳು. ಬಟ್ಟೆಯ ಸೇಡು ತೀರಿಸಿಕೊಳ್ಳುವ ಹುರುಪು ಅವಳ ದನಿಯಲ್ಲಿತ್ತು.

ಲೆಕ್ಕ ಹೀಗಿತ್ತು. x ಎಷ್ಟು? ಹೇಳಿಕೆ ಒಂದು: √(x²) + |x| = 0. ಹೇಳಿಕೆ ಎರಡು: x² = x. ಉತ್ತರ ಕಂಡುಹಿಡಿಯಲು ಯಾವ ಹೇಳಿಕೆ ಸಾಕು?

ಗಣಿತವೆಂದರೆ ಪುಟ ತಿರುಗಿಸುವವರು ಹೆದರಬೇಕಿಲ್ಲ, ಇದರಲ್ಲಿ ಗಣಿತ ಕಡಿಮೆ, ಚಾಡಿಮಾತು ಜಾಸ್ತಿ. ಒಂದು ಪ್ರಶ್ನೆ ಇರುತ್ತದೆ. ಅದರ ಬಗ್ಗೆ ಇಬ್ಬರು ಬಂದು ತಲಾ ಒಂದು ಮಾತು ಹೇಳಿಹೋಗುತ್ತಾರೆ. ಮೊದಲನೆಯವರ ಮಾತೊಂದೇ ಸಾಕೆ, ಎರಡನೆಯವರದೊಂದೇ ಸಾಕೆ, ಇಬ್ಬರದೂ ಸೇರಬೇಕೆ, ಯಾರದೊಂದಾದರೂ ನಡೆಯುತ್ತದೆಯೆ, ಇಬ್ಬರನ್ನೂ ನಂಬಿಕೊಂಡರೂ ಗೊತ್ತಾಗುವುದಿಲ್ಲವೆ, ಇಷ್ಟನ್ನು ನೀವು ಹೇಳಬೇಕು. x ಎಷ್ಟೆಂದು ಯಾರಿಗೂ ಬೇಕಾಗಿಲ್ಲ. ನಮ್ಮಮ್ಮನಿಗೆ ಒಮ್ಮೆ ಇದನ್ನು ವಿವರಿಸಲು ಹೋಗಿ ನಾನು ಬೈಸಿಕೊಂಡಿದ್ದೆ. “ಉತ್ರ ಗೊತ್ತಿದ್ರೂ ಬರೀಬಾರ್ದಂತೆ, ಗೊತ್ತಾಯ್ತದೋ ಇಲ್ವೋ ಅಷ್ಟೇ ಏಳ್ಬೇಕಂತೆ! ಇಂತಾ ಪರೀಕ್ಸೆ ಮಾಡ್ದೋನಿಗೆ ಮಾಡಾಕ್ ಬ್ಯಾರೆ ಕೆಲ್ಸ ಇಲ್ವಾ?” ಎಂದು ಹಸುವಿನ ಮುಂದೆ ಹುಲ್ಲು ಎಸೆದಿದ್ದಳು. ಹಸು ಅವಳ ಪಕ್ಷವೇ ಇದ್ದಂತೆ ಕಂಡಿತು.

ಇನ್ನು ಈ ನಿಂತ ಗೆರೆಗಳು. x ಎಂಬುದರ ಎಡಕ್ಕೊಂದು ಬಲಕ್ಕೊಂದು ಗೆರೆ ನಿಲ್ಲಿಸಿದರೆ, ಸೊನ್ನೆಯಿಂದ ಅದು ಎಷ್ಟು ದೂರ ಎಂಬುದು ಮಾತ್ರ ಉಳಿಯುತ್ತದೆ, ಯಾವ ಕಡೆ ಎಂಬುದು ಅಳಿಸಿಹೋಗುತ್ತದೆ. ಐದಕ್ಕೂ ಐದೇ, ಮೈನಸ್ ಐದಕ್ಕೂ ಐದೇ. x ಅನ್ನು ವರ್ಗ ಮಾಡಿ ಮತ್ತೆ ವರ್ಗಮೂಲ ತೆಗೆದರೂ ಇದೇ ಕತೆ; ಮೈನಸ್ಸು ದಾರಿಯಲ್ಲೇ ಎಲ್ಲೋ ಕಳೆದುಹೋಗಿರುತ್ತದೆ. ಇದು ಹೈಸ್ಕೂಲಿನ ಮಕ್ಕಳಿಗೂ ಗೊತ್ತು. ಬಿ.ಎಸ್ಸಿ. ಮುಗಿಸಿದ ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಕೈ ಮಾತ್ರ ಕೇಳುತ್ತಿರಲಿಲ್ಲ. ಅದಕ್ಕೆ ಕಾರಣ ನಮ್ಮಪ್ಪನ ಕೆಲಸ.

ಅಪ್ಪ ಚಿನ್ನದ ಗಣಿಯಲ್ಲಿ ನೆಲದಡಿಯ ಕೆಲಸಗಾರ. ನಮ್ಮದು ಬಂಗಾರಪೇಟೆಯಿಂದ ಮೂರು ಮೈಲಿ ದೂರದ ಹಳ್ಳಿ. ಒಂದಿಷ್ಟು ರಾಗಿ ಹೊಲ, ಎರಡು ಸೀಮೆಹಸು. ಅಪ್ಪ ಬೆಳಗಿನ ರೈಲು ಹಿಡಿದು ಮೊದಲ ಪಾಳಿಗೆ ಹೋಗಿ ಸಂಜೆಗೆ ಬರುತ್ತಿದ್ದ. ಬಂದವನನ್ನು ಅಮ್ಮ ಕೇಳುತ್ತಿದ್ದ ಮೊದಲ ಮಾತು, “ಇವತ್ತೆಷ್ಟು?” “ಐವತ್ತೆಂಟು” ಎಂದರೆ ಒಂದು ಚೊಂಬು ಮಜ್ಜಿಗೆ. “ಅರವತ್ತಾರು” ಎಂದರೆ ಎರಡು. ಗಣಿಯಲ್ಲಿ ನೆಲದ ಕೆಳಗೆ ಅಂತಸ್ತುಗಳಿರುತ್ತವೆ, ಅವಕ್ಕೆ ಲೆವೆಲ್ ಎನ್ನುತ್ತಾರೆ. ಇಳಿದಷ್ಟೂ ಸಂಖ್ಯೆ ದೊಡ್ಡದು, ಸಂಖ್ಯೆ ದೊಡ್ಡದಾದಷ್ಟೂ ಬಿಸಿ. ಅಮ್ಮ ಶಾಲೆಯ ಮೆಟ್ಟಿಲು ಹತ್ತಿದವಳಲ್ಲ, ಆದರೆ ಯಾವ ಲೆವೆಲ್ಲಿಗೆ ಎಷ್ಟು ಮಜ್ಜಿಗೆ, ಸ್ನಾನಕ್ಕೆ ಎಷ್ಟು ನೀರು ಎಂಬುದು ಅವಳಿಗೆ ಬಾಯಿಪಾಠ.

ಹೀಗಾಗಿ ಸಂಖ್ಯೆಗಳೆಂದರೆ ಕೆಳಗಿಳಿಯುವವು ಎಂದೇ ನಾನು ನಂಬಿ ಬೆಳೆದೆ. ಶಾಲೆಯಲ್ಲಿ ಮೇಷ್ಟ್ರು ಸಂಖ್ಯಾರೇಖೆ ಎಳೆಯಲು ಕರೆದಾಗ, ಬೋರ್ಡಿನ ಮೇಲಿನಿಂದ ಕೆಳಕ್ಕೆ ಸರಕ್ಕನೆ ಒಂದು ಗೆರೆ ಎಳೆದೆ. ನಡುವೆ ಸೊನ್ನೆ. ಸೊನ್ನೆಯ ಪಕ್ಕ ನೆಲ, ನೆಲದ ಮೇಲೆ ಒಂದು ಮನೆ. ಕೆಳಗೆ ಒಂದು, ಎರಡು, ಮೂರು ಎಂದು ಐದರವರೆಗೆ ಬರೆದೆ. “ಮೈನಸ್ ಐದು ಎಲ್ಲಮ್ಮಾ?” ಎಂದರು ಮೇಷ್ಟ್ರು. ನಾನು ತುದಿಗಾಲಲ್ಲಿ ನಿಂತು ಮನೆಯ ಮೇಲೆ ಆಕಾಶದಲ್ಲಿ ಒಂದು ಚುಕ್ಕಿ ಇಟ್ಟೆ. “ಅಲ್ಲಿ ಯಾರಿರ್ತಾರೆ?” “ಯಾರೂ ಇರಲ್ಲ ಸಾ, ಅದ್ದು ಇರ್ತದೆ” ಎಂದು ಒಂದು ಹದ್ದನ್ನೂ ಬರೆದೆ. ತರಗತಿಯಲ್ಲಿ ಅರ್ಧದಷ್ಟು ಮಕ್ಕಳು ಗಣಿಯವರ ಮನೆಯವರೇ ಆದ್ದರಿಂದ ಯಾರೂ ನಗಲಿಲ್ಲ. ನಕ್ಕವರು ಮೇಷ್ಟ್ರೊಬ್ಬರೇ, ಅವರು ಬೇರೆ ಊರಿನವರು.

ಆ ಹದ್ದು ನನ್ನ ಬೆನ್ನು ಬಿಡಲಿಲ್ಲ. ಕಾಲೇಜಿನಲ್ಲೂ |x| = 9 ಎಂದು ಕಂಡರೆ ಕೈ ತಾನಾಗಿ x = 9 ಎಂದು ಬರೆದು ಮುಂದೆ ಹೋಗುತ್ತಿತ್ತು. ಇನ್ನೊಂದು ಕಡೆ ಇರುವುದು ಬರೀ ಆಕಾಶ, ಅಲ್ಲಿ ಯಾರಿದ್ದಾರೆ?

ಬ್ಯಾಂಕ್ ಪರೀಕ್ಷೆಯನ್ನು ನಾನು ಎರಡು ಸಲ ಬರೆದು ಎರಡು ಸಲವೂ ಕಳೆದುಕೊಂಡಿದ್ದೆ. ಎರಡೂ ಸಲ ಈ ಸಾಕೋ ಸಾಲದೋ ಲೆಕ್ಕಗಳಲ್ಲೇ ಮುಗ್ಗರಿಸಿದ್ದೆ. ಒಂದು, ಮೈನಸ್ಸನ್ನು ಮರೆಯುತ್ತಿದ್ದೆ. ಇನ್ನೊಂದು, ಸಾಕು ಎಂದು ಗೊತ್ತಾದ ಮೇಲೂ x ಎಷ್ಟೆಂದು ಕಂಡುಹಿಡಿಯದೆ ನನಗೆ ಸಮಾಧಾನವಿರಲಿಲ್ಲ. ಪೂರ್ತಿ ಬಿಡಿಸಿ, ತಾಳೆ ನೋಡಿ, ಅಡಿಗೆರೆ ಎಳೆದು ತಲೆ ಎತ್ತುವಾಗ ಗಂಟೆ ಹೊಡೆದಿರುತ್ತಿತ್ತು. ಮೂರನೆಯದೇ ಕೊನೆಯ ಸಲ, ಆಮೇಲೆ ವಯಸ್ಸು ಮೀರುತ್ತಿತ್ತು. ನನಗೊಬ್ಬಳಿಗೇ ಆಗಿದ್ದರೆ ಇಷ್ಟು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಎರಡನೇ ಸಲ ಫಲಿತಾಂಶ ನೋಡಿ ಬಂದ ಸಂಜೆ ಅಪ್ಪ ಮಜ್ಜಿಗೆ ಚೊಂಬು ಕೆಳಗಿಟ್ಟು ಹೇಳಿದ್ದ: “ಅಳ್ಬ್ಯಾಡ ಸರೋಜಿ. ಇನ್ನೊಂದ್ ಸಲ ಬರಿ. ನಿಂಗೆ ಕೆಲ್ಸ ಸಿಕ್ಕಿದ್ ತಿಂಗ್ಳೇ ನಾನು ಎಲ್ಮೆಟ್ಟು ಒಪ್ಪಿಸ್ಬುಟ್ಟು ಬತ್ತೀನಿ. ತಮ್ಮಂದಿರು ಇನ್ನಾ ಓದ್ತಾ ಅವ್ರೆ, ಅಲ್ಲೀಗಂಟ ಇಳೀಲೇಬೇಕು ನೋಡು.”

ಅವನಿಗೆ ಆಗ ಕೆಮ್ಮು ಹತ್ತಿತ್ತು. ನಿವೃತ್ತಿಗೆ ಇನ್ನೂ ಏಳೆಂಟು ವರ್ಷವಿತ್ತು. ಅಮ್ಮ ಏನೂ ಹೇಳುತ್ತಿರಲಿಲ್ಲ. ಒಂದು ಸಲ ಮಾತ್ರ ಅವಳ ಹೆದರಿಕೆಯನ್ನು ಕಣ್ಣಾರೆ ನೋಡಿದ್ದೆ. ಯಾವುದೋ ಶಾಫ್ಟಿನ ಬಾವಿಯಲ್ಲಿ ಬಂಡೆ ಸಿಡಿದಿದೆಯಂತೆ ಎಂಬ ಸುದ್ದಿಯನ್ನು ಮಧ್ಯಾಹ್ನ ಯಾರೋ ರೈಲಿನಿಂದ ತಂದರು. ಯಾವ ಶಾಫ್ಟು, ಯಾವ ಲೆವೆಲ್ಲು, ಅವರಿಗೆ ಗೊತ್ತಿರಲಿಲ್ಲ. ಅಮ್ಮ ಕೇಳಲೂ ಇಲ್ಲ. ಎರಡು ಚೊಂಬು ಮಜ್ಜಿಗೆ ಕಡೆದು ಬಾಗಿಲಲ್ಲಿ ಕುಳಿತಳು. ಅವಳು ಕುಳಿತದ್ದು ನೋಡಿ ನಾವೂ ಕುಳಿತೆವು. ಅಪ್ಪ ಎಂದಿನ ರೈಲಿಗೇ ಬಂದು, “ಏನು, ಎಲ್ರೂ ಬಾಗ್ಲಾಗೇ ಕುಂತವ್ರೆ? ಒಳಗ್ ಜಾಗ ಇಲ್ವಾ?” ಎಂದ. ಆ ದಿನ ಅಮ್ಮ ಎಷ್ಟನೇ ಲೆವೆಲ್ಲೆಂದು ಕೇಳುವುದನ್ನೇ ಮರೆತಳು.

ಸರಿ, ರೈಲಿಗೆ ಬರುತ್ತೇನೆ. ನಾನು ರಾಬರ್ಟ್‌ಸನ್‌ಪೇಟೆಯಲ್ಲಿ ಟೈಪಿಂಗ್ ಕಲಿಯಲು ದಿನಾ ಮಧ್ಯಾಹ್ನದ ಗಾಡಿಗೆ ಹೋಗುತ್ತಿದ್ದೆ. ಉರಿಗಾಂನಲ್ಲಿ ಇಳಿಯಬೇಕು. ಅಷ್ಟರೊಳಗೆ ಗೈಡಿನ ನಾಲ್ಕು ಲೆಕ್ಕವಾದರೂ ಮುಗಿಸಬೇಕೆಂಬ ಹಠ. ಎದುರು ಸೀಟಿನಲ್ಲಿ ದಿನಾ ಒಬ್ಬರು ಬಂದು ಕೂರುತ್ತಿದ್ದರು. ಐವತ್ತೈದರ ಆಸುಪಾಸು, ಎಣ್ಣೆ ಹಚ್ಚಿ ಬಾಚಿದ ತಲೆ, ಮಡಿಲಲ್ಲಿ ಊಟದ ಕ್ಯಾರಿಯರ್ರು. ಮನೆಮಾತು ತಮಿಳು, ಬಂಗಾರಪೇಟೆಯಲ್ಲಿ ಸಣ್ಣದೊಂದು ಮನೆ ಕಟ್ಟಿ, ಹಿಂದೆ ಟೊಮೆಟೊ ಹಾಕಿಕೊಂಡಿದ್ದರು. ಬೆಳಗ್ಗೆ ಗಿಡಗಳಿಗೆ ನೀರು ಕಟ್ಟಬೇಕು ಎಂದು ಎರಡನೇ ಪಾಳಿಯನ್ನೇ ಕೇಳಿ ಪಡೆದಿದ್ದರು. ಹೆಸರು ಮುನುಸ್ವಾಮಿ. ನಾನು ಮಾಮ ಎಂದು ಕರೆಯುತ್ತಿದ್ದೆ.

ಅವರು ಗಣಿಯಲ್ಲಿ ವೈಂಡಿಂಗ್ ಡ್ರೈವರ್. ಶಾಫ್ಟೆಂದರೆ ಗಣಿಯ ಬಾವಿ. ಅದರಲ್ಲಿ ಆಳುಗಳನ್ನು ಇಳಿಸಿ ಎತ್ತುವ ಕಬ್ಬಿಣದ ಪಂಜರಕ್ಕೆ ಕೇಜು ಎನ್ನುತ್ತಾರೆ. ಆ ಕೇಜಿನ ಹಗ್ಗ ಸುತ್ತುವ ಯಂತ್ರ ನಡೆಸುವುದು ಅವರ ಕೆಲಸ. ಯಂತ್ರವಿರುವುದು ಬಾವಿಯಿಂದ ದೂರದ ಇನ್ನೊಂದು ಕಟ್ಟಡದಲ್ಲಿ. ಅವರಿಗೆ ಕೇಜೂ ಕಾಣದು, ಅದರಲ್ಲಿರುವ ಆಳೂ ಕಾಣದು. ಬಾವಿಯ ಬಾಯಲ್ಲಿ ನಿಂತವನು ಗಂಟೆ ಬಾರಿಸಿ ಮೇಲೋ ಕೆಳಗೋ ಹೇಳುತ್ತಾನೆ, ಮುಂದಿನ ಡಯಲ್ಲು ಎಷ್ಟು ಆಳವೆಂದು ತೋರಿಸುತ್ತದೆ. ಇವಿಷ್ಟನ್ನೇ ನಂಬಿ ಮಾಮ ಲಿವರ್ ಎಳೆಯಬೇಕು.

ಒಂದು ದಿನ ಅವರು ಕುತ್ತಿಗೆ ಚಾಚಿ ನನ್ನ ನೋಟ್‌ಬುಕ್ಕಿಗೆ ಬೆರಳಿಟ್ಟರು. “ಇದೇನ್ ಪಾಪಾ, ಎರಡು ಕಂಬ ನಿಲ್ಸಿದೀಯ?”

ಗೆರೆಗಳ ಅರ್ಥ ಹೇಳಿದೆ. ಸೊನ್ನೆಯಿಂದ ಎಷ್ಟು ದೂರ ಎಂದು ಗೊತ್ತಾಗುತ್ತೆ ಮಾಮ, ಯಾವ ಕಡೆ ಅಂತ ಗೊತ್ತಾಗಲ್ಲ.

“ಯಾವ್ ಕಡೆ ಗೊತ್ತಾಗಲ್ಲ ಅಂತ ನೀನೇ ಏಳ್ತೀಯ. ಕೆಳಗಡೆ ಒಂಬತ್ತು ಅಂತ ಒಂದೇ ಬರ್ದಿದೀಯಲ್ಲ? ಇನ್ನೊಂದ್ ಕಡೆ ಯಾರ್ ನೋಡ್ತಾರೆ?”

“ಇನ್ನೊಂದು ಕಡೆ ಏನಿದೆ ಮಾಮ, ಆಕಾಶ” ಎಂದು ನಗುತ್ತಾ ನನ್ನ ಹದ್ದಿನ ಕತೆ ಹೇಳಿದೆ. ಎಲ್ಲರೂ ನಗುವ ಕತೆ ಅದು. ಮಾಮ ನಗಲಿಲ್ಲ. ಕ್ಯಾರಿಯರ್ರನ್ನು ಪಕ್ಕಕ್ಕಿಟ್ಟರು.

“ಅಂಗನ್ಬೇಡ ಪಾಪಾ. ಸೊನ್ನೆ ಮೇಲೂ ಐತೆ. ನಮ್ಗೆ ಬಯ ಇರೋದೇ ಅಲ್ಲಿ” ಎಂದು ಶುರುಮಾಡಿದರು.

ಅವರು ಕೆಲಸಕ್ಕೆ ಹೊಸಬರಾಗಿದ್ದಾಗಿನ ಮಾತು. ಕೇಜಿನ ಹಗ್ಗ ಬದಲಾಯಿಸಿದ್ದರು. ಹಗ್ಗ ಬದಲಾಯಿಸಿದ ದಿನ ಡಯಲ್ಲನ್ನು ಮತ್ತೆ ಸರಿಹೊಂದಿಸುವ ತನಕ ಅದನ್ನು ನಂಬುವಂತಿಲ್ಲ. ಬಾವಿಯ ಬಾಯಿಂದ ಫೋನಿನಲ್ಲಿ ಒಬ್ಬ, “ನೆಲದ ಮಟ್ಟಕ್ಕೆ ಇನ್ನು ಐದಡಿ” ಎಂದ. ಕೇಜು ಐದಡಿ ಕೆಳಗಿದೆ ಎಂದುಕೊಂಡು ಇವರು ಮೇಲೆತ್ತಿದರು. ಕೇಜು ಆಗಲೇ ಐದಡಿ ಮೇಲಿತ್ತು. ಬಾವಿಯ ಮೇಲೆ ಎತ್ತರದ ಕಟ್ಟು ಇರುತ್ತದೆ, ಅದರ ತುದಿಯಲ್ಲಿ ಹಗ್ಗ ಹಾಯುವ ದೊಡ್ಡ ಚಕ್ರ. ಕೇಜು ಹೋಗಿ ಚಕ್ರಕ್ಕೆ ಬಡಿಯುವುದಕ್ಕೆ ಸ್ವಲ್ಪ ಮೊದಲು, ಅದಕ್ಕೆಂದೇ ಇಟ್ಟಿರುವ ಬ್ರೇಕು ಹಿಡಿದುಕೊಂಡಿತು.

“ಕೇಜಲ್ಲಿ ಯಾರೂ ಇರ್ಲಿಲ್ಲ, ಕಾಲಿ. ಅದಕ್ಕೇ ಇವತ್ತು ನಿನ್ ಮುಂದೆ ಕೂತ್ಕೊಂಡು ಮಾತಾಡ್ತಾ ಇದೀನಿ” ಎಂದರು. “ಅವನು ಐದಡಿ ಅಂದಿದ್ದು ಸುಳ್ಳಲ್ಲ. ನಿಜ. ಆದ್ರೆ ಸಾಲ್ದು. ಯಾವ್ ಕಡೆ ಅಂತ ಕೇಳ್ದೆ ಕೈ ಆಕಿದ್ದು ನನ್ ತಪ್ಪು.”

ರೈಲು ಕೋರಮಂಡಲ್ ಬಿಟ್ಟಿತ್ತು. ಹದ್ದು ಕೂತಿದ್ದ ಜಾಗದಲ್ಲಿ ಒಂದು ಕಬ್ಬಿಣದ ಪಂಜರ ತೂಗುವುದು ಕಂಡಿತು. ಮೈನಸ್ ಒಂಬತ್ತು ಎಂಬುದು ನನಗೆ ನಿಜವಾಗಿ ಹುಟ್ಟಿದ್ದು ಆ ದಿನ, ಇಪ್ಪತ್ತಾರನೇ ವಯಸ್ಸಿನಲ್ಲಿ.

|x| = 9 ಎಂಬ ಆ ಲೆಕ್ಕಕ್ಕೆ ಎರಡನೇ ಹೇಳಿಕೆಯೂ ಇತ್ತು: √x ವಾಸ್ತವ ಸಂಖ್ಯೆ. ಮೈನಸ್ ಸಂಖ್ಯೆಗೆ ಅಂಥ ವರ್ಗಮೂಲ ಇರುವುದಿಲ್ಲ, ಹಾಗಾಗಿ x ಮೈನಸ್ ಅಲ್ಲ ಎಂದು ಇದರ ಅರ್ಥ ಎಂದೆ. ಮಾಮ, “ಅದು ಗಂಟೆ” ಎಂದರು. “ಮೊದಲನೇದು ಎಷ್ಟು ದೂರ ಅನ್ತು. ಇದು ಯಾವ್ ಕಡೆ ಅನ್ತು. ಎರಡೂ ಬಂತಲ್ಲ, ಸಾಕು. ಇನ್ನೇನ್ ಬರೀತಾ ಕೂತಿದೀಯ? ಮುಂದ್ಕ್ ಓಗು.”

“x ಎಷ್ಟು ಅಂತ ಬರೆದು ಮುಗಿಸ್ತೀನಿ ಮಾಮ.”

“ಕೇಳಿದಾರಾ?”

“ಇಲ್ಲ.”

“ಮತ್ತೆ? ಕೇಜಲ್ಲಿ ಯಾರವ್ರೆ, ಅವರೆಸ್ರೇನು, ಮದ್ವೆ ಆಯ್ತಾ, ನಾನು ಕೇಳ್ತಾ ಕೂತ್ರೆ ಪಾಳಿ ಮುಗಿಯುತ್ತಾ? ಎಳೀಬೋದಾ, ಎಳೀಬಾರ್ದಾ. ನನ್ ಕೆಲ್ಸ ಅಷ್ಟೇ.”

ಅಂದಿನಿಂದ ಮಾಮನೇ ನನ್ನ ಪರೀಕ್ಷಕ. ನಾನು ಹೇಳಿಕೆಗಳನ್ನು ಓದುವುದು, ಅವರು ಬೆಂಚಿನ ಮೇಲೆ ಅಂಗೈ ಇಟ್ಟುಕೊಂಡು ಕೇಳುವುದು. ಸಾಕು ಎಂದಾದರೆ ಇಲ್ಲದ ಲಿವರನ್ನು ಎಳೆಯುವರು. ಸಾಲದಾದರೆ ಕೈಯೆತ್ತಿ ಮಡಿಲಲ್ಲಿಟ್ಟುಕೊಳ್ಳುವರು. ನನಗೂ ಅದೇ ಅಭ್ಯಾಸವಾಯಿತು. ಕಡ್ಲೆಕಾಯಿ ಮಾರುವವನು ಬಂದು, “ಏನಣ್ಣಾ, ಇಬ್ರೂ ಸೇರಿ ಗಾಡಿ ಓಡಿಸ್ತಾ ಇದೀರಾ?” ಎಂದು ಕೇಳಿದ್ದೂ ಉಂಟು. ಟೈಪಿಂಗ್ ಕ್ಲಾಸಿನಲ್ಲಿ ನನ್ನ ಕೈ ಮಡಿಲಿಗೆ ಹೋಗುವುದನ್ನು ನೋಡಿ ಅಲ್ಲಿಯ ಮೇಡಂ ಸೋಮಾರಿತನ ಎಂದು ಬಗೆದು ಗದರಿದರು.

ಹೀಗೆ ತಿಂಗಳು ಕಳೆದ ಮೇಲೆ ಒಂದು ದಿನ ಮಾಮ, ನಿಮ್ಮಪ್ಪ ಯಾವ ಶಾಫ್ಟು ಎಂದು ಕೇಳಿದರು. ಹೇಳಿದೆ. ಮೊದಲ ಪಾಳಿ ಎಂದೂ ಹೇಳಿದೆ.

“ಅಂಗಾದ್ರೆ ಬೆಳಗ್ಗೆ ಇಳಿಸೋನು ಬೇರೆಯವ್ನು. ಮದ್ಯಾನ ಎತ್ತೋದು ನಾನು.”

“ಅಪ್ಪನ್ನ ನೋಡಿದೀರಾ ಮಾಮ?”

“ಎಲ್ಲಿ ನೋಡ್ಲಿ? ನಾನ್ ಒಳಗೆ ಓಗೋವಾಗ ಅವ್ರು ನೆಲದಡಿ. ಅವ್ರು ಈಚೆ ಬರೋವಾಗ ನನ್ ಕಣ್ಣು ಡಯಲ್ ಮೇಲೆ” ಎಂದರು. ಆಮೇಲೆ ನಗುತ್ತಾ, “ದಿನಾ ಕೈಯಲ್ಲಿ ತೂಕ ಮಾತ್ರ ಗೊತ್ತು” ಎಂದರು.

ಆ ಸಂಜೆ ಅಪ್ಪನಿಗೆ ಇದನ್ನು ಹೇಳಿದೆ. ಅವನು ಮಜ್ಜಿಗೆ ಕುಡಿಯುವುದನ್ನು ನಿಲ್ಲಿಸಿ, “ಔದಾ? ಆ ಡ್ರೈವರು ನಿಲ್ಸಿದ್ರೆ ಒಂದ್ ಚೂರೂ ಕುಲುಕಲ್ಲ ಕಣಮ್ಮಾ” ಎಂದ. ಇಷ್ಟು ವರ್ಷ ಯಾರ ಮುಂದೆಯೂ ಆಡದ ಹೊಗಳಿಕೆ ಅದು. ಮರುದಿನ ರೈಲಿನಲ್ಲಿ ಅದನ್ನು ತಲುಪಿಸಿದೆ. ಮಾಮನಿಗೆ ಎಷ್ಟು ನಾಚಿಕೆಯಾಯಿತೆಂದರೆ ಕ್ಯಾರಿಯರ್ರಿನಿಂದ ಎರಡು ಟೊಮೆಟೊ ತೆಗೆದು, “ನಿಮ್ಮಮ್ಮಂಗೆ ಕೊಡು” ಎಂದು ಮಾತು ಮರೆಸಿದರು.

ಪರೀಕ್ಷೆ ಬೆಂಗಳೂರಿನಲ್ಲಿ. ಯಾವುದೋ ದೊಡ್ಡ ಶಾಲೆ, ಮಕ್ಕಳು ಕೂರುವ ಸಣ್ಣ ಬೆಂಚು, ಮಂಡಿ ಮಡಚಿ ಕುಳಿತ ನಾನು. ಅರ್ಧ ದಾಟಿದ ಮೇಲೆ ಈ ಲೆಕ್ಕಗಳು ಬಂದವು. ಅವುಗಳಲ್ಲಿ ಒಂದು ಈಗಲೂ ನೆನಪಿದೆ. x ಎಷ್ಟು? ಒಂದು: √(x²) = 6. ಎರಡು: |x| + 2 = 8. ಹಿಂದಿನ ಸರೋಜ ಆಗಿದ್ದರೆ ಎರಡರಲ್ಲೂ ಆರೇ ಬಂತಲ್ಲ ಎಂದು ಹಿಗ್ಗಿ, ಯಾವುದೊಂದಾದರೂ ಸಾಕು ಎಂದು ಗುರುತು ಹಾಕಿ, ತಾಳೆಯನ್ನೂ ನೋಡಿ ಕುಳಿತಿರುತ್ತಿದ್ದಳು. ಆದರೆ ಇಬ್ಬರೂ ಬಂದು ಹೇಳಿದ್ದು ಒಂದೇ ಮಾತು, ಸೊನ್ನೆಯಿಂದ ಆರಡಿ. ಇಬ್ಬರು ಫೋನು ಮಾಡಿದರು ನಿಜ, ಗಂಟೆ ಯಾರೂ ಬಾರಿಸಲಿಲ್ಲ. ನನ್ನ ಕೈ ತಾನಾಗಿ ಎದ್ದು ಮಡಿಲಿಗೆ ಬಂತು. ಎರಡೂ ಸೇರಿದರೂ ಸಾಲದು ಎಂದು ಗುರುತು ಹಾಕಿದೆ. ಆ x ಎಷ್ಟೋ ನನಗೆ ಇಂದಿಗೂ ಗೊತ್ತಿಲ್ಲ, ಗೊತ್ತಿಲ್ಲದಿದ್ದಕ್ಕೆ ಬೇಸರವೂ ಇಲ್ಲ. ಜೀವನದಲ್ಲಿ ಮೊದಲ ಬಾರಿಗೆ ಗಂಟೆ ಹೊಡೆಯುವ ಮೊದಲೇ ನನ್ನ ಪೆನ್ನಿಗೆ ಕೆಲಸ ಮುಗಿದಿತ್ತು. ಅಷ್ಟು ಬೇಗ ಮುಗಿದದ್ದಕ್ಕೆ ಹೆದರಿ, ಏನೋ ಬಿಟ್ಟಿದ್ದೇನೆ ಎಂದು ಪುಟಗಳನ್ನು ಮೂರು ಸಲ ಎಣಿಸಿದೆ.

ಕೆಲಸದ ಕಾಗದ ಬಂದ ದಿನ ಅಮ್ಮ ಅದನ್ನು ಹಸುವಿಗೂ ತೋರಿಸಿದಳು. ಅಪ್ಪ ಮಾತಿಗೆ ತಪ್ಪಲಿಲ್ಲ. ಗಣಿಯಲ್ಲಿ ರಾಜೀನಾಮೆ ಬರೆದುಕೊಟ್ಟು ಬಂದ. ಕೊನೆಯ ಪಾಳಿ ಒಂದು ಸೋಮವಾರ.

ಆ ಸೋಮವಾರ ನಾನೂ ಮಾಮನೂ ಎಂದಿನಂತೆ ಮಧ್ಯಾಹ್ನದ ಗಾಡಿಯಲ್ಲಿ ಹೋದೆವು. ಟೈಪಿಂಗ್ ಮುಗಿದಿತ್ತು, ನಾನು ಹೋದದ್ದು ಅಪ್ಪನನ್ನು ಕರೆತರಲು. “ಗೇಟಿನ್ ಅತ್ರ ನಿಂತ್ಕೋ. ಒಳಗ್ ಬಿಡಲ್ಲ. ಚಕ್ರ ಕಾಣುತ್ತೆ, ನೋಡ್ತಾ ಇರು” ಎಂದರು ಮಾಮ.

“ಅಪ್ಪ ಯಾವ ಕೇಜಲ್ಲಿ ಬರ್ತಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತೆ?”

“ಗೊತ್ತಾಗಲ್ಲ ಪಾಪಾ. ಅದಕ್ಕೇ ಇವತ್ತು ಎಲ್ಲಾ ಕೇಜಲ್ಲೂ ನಿಮ್ಮಪ್ಪನೇ ಅವ್ರೆ ಅನ್ಕೊಂಡು ಎತ್ತೀನಿ.” ಎರಡು ಹೆಜ್ಜೆ ಹೋದವರು ತಿರುಗಿ, “ಇವತ್ತೇನು ಬಂತು. ದಿನಾನೂ ಅಂಗೇ ಎತ್ತೋದು” ಎಂದು ಒಳಗೆ ಹೋದರು.

ಗೇಟಿನ ಹೊರಗೆ ಬೇವಿನ ಮರದಡಿ ನಿಂತೆ. ಕಟ್ಟಿನ ತುದಿಯಲ್ಲಿ ಎರಡು ಚಕ್ರ. ಒಂದು ಕೇಜು ಏರುವಾಗ ಇನ್ನೊಂದು ಇಳಿಯುತ್ತದೆ, ಹಾಗಾಗಿ ಎರಡೂ ಒಟ್ಟಿಗೇ ತಿರುಗುತ್ತವೆ. ಯಾವುದು ಯಾರನ್ನು ಇಳಿಸುತ್ತಿದೆ, ಯಾವುದು ಯಾರನ್ನು ಎತ್ತುತ್ತಿದೆ, ಕೆಳಗೆ ನಿಂತವಳಿಗೆ ಏನೂ ತಿಳಿಯದು. ಗಂಟೆ ಕೇಳಿಸಿತು, ಚಕ್ರ ತಿರುಗಿತು, ನಿಂತಿತು. ದೂಳು ಮೆತ್ತಿದ ಮುಖಗಳ ಗುಂಪೊಂದು ಹೊರಬಂತು. ಅಪ್ಪ ಇರಲಿಲ್ಲ. ಮತ್ತೆ ಗಂಟೆ, ಮತ್ತೆ ಚಕ್ರ. ಅದರಲ್ಲೂ ಇರಲಿಲ್ಲ. ಇಷ್ಟು ವರ್ಷ ಇಳಿದು ಏರಿದವನು, ಇವತ್ತೊಂದು ದಿನ ಏನಾದೀತು ಎಂದು ನನಗೆ ನಾನೇ ಹೇಳಿಕೊಂಡೆ. ಹೇಳಿಕೊಂಡರೆ ಎದೆ ಕೇಳಬೇಕಲ್ಲ. ಅಮ್ಮ ಬಾಗಿಲಲ್ಲಿ ಕುಳಿತ ದಿನ ಅವಳಿಗೆ ಏನಾಗಿತ್ತೆಂದು ಅಲ್ಲಿ ನಿಂತಾಗ ಗೊತ್ತಾಯಿತು. ಅವಳಿಗೆ ಅದು ಒಂದು ದಿನದ್ದಾಗಿರಲಿಲ್ಲ.

ಮೂರನೇ ಗುಂಪಿನ ಕೊನೆಯಲ್ಲಿ ಅಪ್ಪ ಬಂದ. ಹೆಲ್ಮೆಟ್ಟು, ದೀಪ ಎಲ್ಲ ಒಪ್ಪಿಸಿ, ಬರಿಗೈಯಲ್ಲಿ. “ಇಲ್ಲ್ಯಾಕ್ ನಿಂತಿದ್ದೀಯಮ್ಮಾ ಬಿಸ್ಲಾಗೆ?” ಎಂದ. ನಾನು ಅತ್ತುಬಿಟ್ಟೆ. ಮರದ ನೆರಳಲ್ಲೇ ನಿಂತಿದ್ದೆ ಎಂದು ಹೇಳಲೂ ಆಗಲಿಲ್ಲ.

ಸ್ವಲ್ಪ ಸುಧಾರಿಸಿಕೊಂಡು ಎಂಜಿನ್ ಕಟ್ಟಡದ ಕಡೆ ಕೈ ತೋರಿಸಿದೆ. “ಅಪ್ಪಾ, ಮಾಮ ಅಲ್ಲಿದ್ದಾರೆ. ನಿನ್ನ ಎತ್ತಿದೋರು.”

“ಇಲ್ಲಿಂದ ಅವ್ರಿಗೆ ಕಾಣ್ತದಾ?”

“ಕಾಣಲ್ಲ.”

“ಕಾಣ್ದಿದ್ರೇನು” ಎಂದು ಅಪ್ಪ ಆ ಕಟ್ಟಡಕ್ಕೆ ಮುಖ ಮಾಡಿ ನಿಂತು ಎರಡೂ ಕೈ ಜೋಡಿಸಿದ. ಅಷ್ಟರಲ್ಲಿ ಒಳಗೆ ಗಂಟೆ ಹೊಡೆಯಿತು. ಅಪ್ಪ ಕೈ ಮುಗಿದಂತೆಯೇ ಅದನ್ನು ಎಣಿಸಿ, “ಇನ್ನೊಂದ್ ಕೇಜು ಬತ್ತಾ ಐತೆ. ನಡಿ, ಗಾಡಿಗೊತ್ತಾತು” ಎಂದ. ಮನೆಗೆ ಬಂದಾಗ ಅಮ್ಮ ಮಜ್ಜಿಗೆ ಚೊಂಬು ಹಿಡಿದು ಬಾಗಿಲಲ್ಲಿದ್ದಳು. “ಇವತ್ತೆಷ್ಟು?” ಎಂದು ರೂಢಿಯಂತೆ ಕೇಳಿದಳು. ಅಪ್ಪ ಚೊಂಬು ತೆಗೆದುಕೊಂಡು, “ಸೊನ್ನೆ” ಎಂದ.

ಇಷ್ಟೆಲ್ಲ ನಾನು ಹೇಳಿ ಮುಗಿಸುವ ತನಕ ಚೈತ್ರ ಗೈಡಿನ ಪುಟದ ನಡುವೆ ಬೆರಳಿಟ್ಟುಕೊಂಡೇ ಕುಳಿತಿದ್ದಳು. ಹೊರಗೆ ನಾಲ್ಕು ಹನಿ ಬಿದ್ದದ್ದನ್ನು, ಅವಳ ಬಟ್ಟೆ ನೆನೆದದ್ದನ್ನು ಇಬ್ಬರೂ ಗಮನಿಸಲಿಲ್ಲ. ಅವಳ ಲೆಕ್ಕವನ್ನು ಮತ್ತೆ ನೋಡಿದೆ. √(x²) + |x| = 0. ಎರಡೂ ದೂರಗಳೇ, ಮೈನಸ್ ಆಗಲಾರವು. ಕೂಡಿದರೆ ಸೊನ್ನೆ ಬರಬೇಕೆಂದರೆ ಎರಡೂ ಸೊನ್ನೆಯೇ ಆಗಬೇಕು. ಎರಡನೇ ಹೇಳಿಕೆಯಲ್ಲಿ ಸೊನ್ನೆಯೂ ಬರುತ್ತದೆ, ಒಂದೂ ಬರುತ್ತದೆ, ಅದು ಕೆಲಸಕ್ಕೆ ಬಾರದು. ಮೊದಲನೆಯದೊಂದೇ ಸಾಕು.

“ಅದ್ಸರಿ ಅತ್ತೆ, ನಿಂತ ಗೆರೆ ಇದ್ರೂ ಯಾವ ಕಡೆ ಅಂತ ಇಲ್ಲಿ ಯಾಕೆ ಕೇಳಬೇಕಾಗಿಲ್ಲ?” ಎಂದಳು.

ನನ್ನ ಕೈ ಈ ಸಲ ಮಡಿಲಿಗೆ ಹೋಗಲಿಲ್ಲ.

“ಸೊನ್ನೆಗೆ ಬಂದು ನಿಂತೋರನ್ನ ಮೇಲಾ ಕೆಳಗಾ ಅಂತ ಯಾರೂ ಕೇಳಲ್ಲ ಕಣೇ” ಎಂದೆ. “ಅವರು ಮನೆಗೆ ಹೊರಟಿರ್ತಾರೆ.”